ಹನುಮಕ್ಕನ ಹೆಸರು ಮತ್ತು ಏಳದ ಸರ್ವರ್

ಕಂಪ್ಯೂಟರಿಗೆ ಕುಂಕುಮ ಹಚ್ಚುವವರನ್ನು ಕಂಡು ನಗುತ್ತಿದ್ದವನು ನಾನು. ದೆವ್ವಭೂತಗಳನ್ನು ಈಗಲೂ ನಂಬುವುದಿಲ್ಲ. ಆದರೆ ಮಧುಗಿರಿಯ ಆ ಒಂದು ದಿನದ ಬಗ್ಗೆ ಕೇಳಿದರೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಎಂಬತ್ತರ ದಶಕದ ಕೊನೆ. ಅಲ್ಲಿಯ ಕಚೇರಿಯೊಂದಕ್ಕೆ ಡೇಟಾಬೇಸ್ ಸರ್ವರ್ ಬಂದಿತ್ತು. ಸುತ್ತಲ ತಾಲ್ಲೂಕುಗಳಲ್ಲಿ ಮನೆ ಕಟ್ಟಲು ಜಾಗವಿಲ್ಲದೆ ಸರ್ಕಾರದಿಂದ ಸೈಟು ಸಿಗಬೇಕಿದ್ದವರ ಪಟ್ಟಿ ಅದರಲ್ಲಿತ್ತು. ನೋಡಿಕೊಳ್ಳುವವನು ನಾನೊಬ್ಬನೇ. ಒಂದು ಸಂಜೆ ಸಾಹೇಬರು ನನ್ನನ್ನು ಕರೆದು, ಬಲಸಮುದ್ರದ ಹನುಮಕ್ಕ ಎಂಬುವಳ ಹೆಸರು ತೆಗೆದು ತಮ್ಮ ಕಡೆಯವರೊಬ್ಬರ ಹೆಸರು ಸೇರಿಸಲು ಹೇಳಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೇಳಿದಂತೆ ಮಾಡಿದೆ. ಪಟ್ಟಿಯನ್ನು ಮತ್ತೆ ತೆರೆದು, ಅವಳ ಹೆಸರು ಹೋಗಿರುವುದನ್ನು ಖಾತ್ರಿ ಮಾಡಿಕೊಂಡು, ಕೋಣೆಗೆ ಬೀಗ ಹಾಕಿದೆ.

ಬೆಳಿಗ್ಗೆ ಸರ್ವರ್ ಏಳಲಿಲ್ಲ. ಸ್ಟೆಬಿಲೈಸರ್ ಬದಲಿಸಿದೆ, ಕೇಬಲ್ ಬಿಚ್ಚಿ ಕೂಡಿಸಿದೆ, ಒಳಗಿನ ಕಾರ್ಡುಗಳ ಅಂಚನ್ನು ರಬ್ಬರಿನಿಂದ ಉಜ್ಜಿದೆ. ಪರದೆಯ ಮೇಲೆ ಒಂದೆರಡು ಸಾಲು ಮೂಡಿ, ಅಲ್ಲಿಗೇ ನಿಂತುಬಿಡುತ್ತಿತ್ತು. ಸಂಜೆಯೊಳಗೆ ಪಟ್ಟಿ ಅಚ್ಚಾಗಬೇಕಿತ್ತು.

“ನಿಮ್ಮನ್ನ ಯಾಕ್ರೀ ಇಟ್ಕೊಂಡಿರೋದು?” ಎಂದು ಸಾಹೇಬರು ಎಲ್ಲರೆದುರು ಕೂಗಾಡಿದರು.

ಮಧ್ಯಾಹ್ನ ಹೆಂಗಸೊಬ್ಬಳು ಬಾಗಿಲಲ್ಲಿ ಬಂದು ನಿಂತಳು.

“ಬಲಸಮುದ್ರದ ಹನುಮಕ್ಕ ಸಾಮಿ. ನನ್ ಗಂಡ ತೀರ್ಕಂಡು ಮೂರು ದಿನ ಆಯ್ತು. ಆಫೀಸ್ನೋರ್ಗೆ ಇನ್ನಾ ಯಾರೂ ಹೇಳಿಲ್ಲ. ಸೈಟಿನ ಪಟ್ಟಿನಾಗೆ ಅದೊಂದು ಬರ್ಕಂಬುಡಿ.”

“ಬರೀತೀನಿ, ಹೊರಗೆ ಕೂತ್ಕೊಳಮ್ಮ” ಎಂದೆ. ಅವಳ ಮುಖ ನೋಡಲಾಗಲಿಲ್ಲ. ಏನಾದರೂ ಮಾಡುವಂತೆ ಕಾಣಲೆಂದು ಸ್ವಿಚ್ ಒತ್ತಿದೆ.

ಸರ್ವರ್ ಎದ್ದಿತು.

ಪಟ್ಟಿ ತೆರೆದೆ. ಹನುಮಕ್ಕನ ಹೆಸರು ಹಳೆಯ ಜಾಗದಲ್ಲೇ ಇತ್ತು. ಪಕ್ಕದಲ್ಲಿ ಗಂಡನ ಹೆಸರು. ಅದರ ಹಿಂದೆ ಇಂಗ್ಲಿಷಿನಲ್ಲಿ ‘ಲೇಟ್’ ಎಂದಿತ್ತು. ಹಿಂದಿನ ಸಂಜೆ ನಾನು ಅಳಿಸುವಾಗ ಆ ಪದ ಅಲ್ಲಿರಲಿಲ್ಲ.

ಅಷ್ಟರಲ್ಲಿ ಸಾಹೇಬರು ಬಂದು ಬಗ್ಗಿ ನೋಡಿದರು. “ಇದು ಇನ್ನೂ ಇದೆಯಲ್ರೀ, ತೆಗೀರಿ.”

“ಸಾರ್, ಈ ಲೇಟ್ ಅಂತ ಯಾರು...”

“ಲೇಟ್ ಆಗ್ತಿರೋದು ನಮಗೆ. ತೆಗೀರಿ ಅಂದ್ನಲ್ಲ.”

ತೆಗೆದೆ. ಸರ್ವರ್ ಮತ್ತೆ ಕೆಟ್ಟು ನಿಲ್ಲಲೆಂದು ಒಳಗೊಳಗೇ ಬೇಡಿಕೊಂಡೆ. ನಿಲ್ಲಲಿಲ್ಲ. ಪಟ್ಟಿ ಸರಾಗವಾಗಿ ಅಚ್ಚಾಯಿತು.

ಹೊರಗೆ ಜಗಲಿಯಲ್ಲಿ ಹನುಮಕ್ಕ ಎದ್ದು ನಿಂತಳು. “ಬರ್ಕಂಡ್ರಾ ಸಾಮಿ?”

ಹೂಂ ಎಂದು ತಲೆಯಾಡಿಸಿದೆ. ಅವಳು ಕೈಮುಗಿದು ಊರಿಗೆ ಹೋಗಲು ಪಾವಗಡದ ಬಸ್ಸಿಗೆ ಹೊರಟಳು.

ಕೆಟ್ಟು ನಿಂತ ಸರ್ವರ್ ಅಳಿಸಿದ್ದನ್ನು ಕೆಲವೊಮ್ಮೆ ತಾನೇ ಮರಳಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಹಿಂದೆಂದೂ ಇರದ ಆ ಪದವನ್ನು ಅದು ಎಲ್ಲಿಂದ ತಂದಿತು? ಕೋಣೆಯ ಬೀಗದ ಕೈ ಇದ್ದುದು ನನ್ನೊಬ್ಬನ ಬಳಿ. ಅದನ್ನು ಬರೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಆ ಹೆಸರನ್ನು ಎರಡು ಸಲ ಅಳಿಸಿದವನು ನಾನು.