ಗಾಲಿ ಹಾಕಿದ ಹಡಗು

ನಮ್ಮ ಕ್ರೂಸ್ ಹಡಗು ಕೊಚ್ಚಿಗೆ ಬಂದು ನಿಂತಿತ್ತು. ಹಳೇ ಪೇಟೆ ನೋಡಲು ನಾಲ್ಕು ಗಂಟೆ ಬಿಡುವು ಕೊಟ್ಟಿದ್ದರು. ಜೊತೆಯವರೆಲ್ಲ ಚೀನೀ ಮೀನುಬಲೆಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದಾಗ ನಾನೊಬ್ಬಳೇ ಗೋದಾಮುಗಳ ಓಣಿಗೆ ಹೊಕ್ಕೆ. ಮೆಣಸು, ಶುಂಠಿಯ ಘಾಟಿನ ನಡುವೆ ಇದ್ದಕ್ಕಿದ್ದಂತೆ ಗೊಂಬೆಗೆ ಬಣ್ಣ ಹಚ್ಚುವ ಬಿಸಿ ಅರಗಿನ ವಾಸನೆ ಬಂತು. ಚನ್ನಪಟ್ಟಣದಲ್ಲಿ ಹುಟ್ಟಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ...

ನಮ್ಮ ಪಕ್ಕದ ಮನೆಯ ಚಾಚಾ ಮರದ ಗೊಂಬೆ ಕಡೆಯುತ್ತಿದ್ದರು. ಜೊತೆಗೆ ಅವರ ತಮ್ಮ. ಎರಡು ಸಾವಿರದ ಇಸವಿಯ ಆಚೀಚೆ ಹೆದ್ದಾರಿ ಪಕ್ಕ ಕಾರ್ಖಾನೆಗಳೆದ್ದವು, ಅಂಗಡಿಗಳಲ್ಲಿ ಪ್ಲಾಸ್ಟಿಕ್ ಗೊಂಬೆ ತುಂಬಿತು. ಕೆಲಸ ಕಡಿಮೆಯಾಗಿ ಅಣ್ಣ ತಮ್ಮಂದಿರಿಗೆ ಜಗಳವಾಯಿತು. "ಸಮುದ್ರದ ಕಡೆ ಹೋಯ್ತೀನಿ" ಎಂದು ತಮ್ಮ ಹೊರಟುಹೋದ. ಯಾವ ಊರೆಂದು ಹೇಳಲಿಲ್ಲ.

ಆಮೇಲೆ ಚಾಚಾ ಒಂದು ಹಡಗು ಮಾಡಿದರು. ಸಮುದ್ರ ಕಂಡವರಲ್ಲ, ನಮ್ಮೂರಿನ ಎಲ್ಲ ಆಟಿಕೆಗೆ ಹಾಕುವಂತೆ ಅದಕ್ಕೂ ನಾಲ್ಕು ಗಾಲಿ ಹಾಕಿದ್ದರು. ನಾನು ಬಿದ್ದು ಬಿದ್ದು ನಕ್ಕೆ.

"ನಗ್ಬ್ಯಾಡ ಕಣವ್ವ. ಗಾಲಿ ಇಲ್ದಿದ್ರೆ ದಡದಿಂದ ಮನೆಗೆಂಗ್ ಬತ್ತದೆ?" ಎಂದರು.

ಹಡಗನ್ನು ನೆಲದ ಮೇಲೆ ಹೇಗಿಟ್ಟರೂ ಅದು ಮೆಲ್ಲಗೆ ಉರುಳಿ ಪಡುವಣಕ್ಕೆ ಮೂತಿ ತಿರುಗಿಸುತ್ತಿತ್ತು. ನೆಲ ಓರೆ ಎಂದರು ಬೀದಿಯವರು. ನಾನೇ ಗೋಲಿ ಇಟ್ಟು ನೋಡಿದೆ, ಗೋಲಿ ಕದಲಲಿಲ್ಲ. ಹಡಗು ಮಾತ್ರ ಮಟಮಟ ಮಧ್ಯಾಹ್ನ, ಗಾಳಿಯೇ ಇಲ್ಲದ ಕೋಣೆಯಲ್ಲಿ, ಕಿರ್ರೆಂದು ತಿರುಗುತ್ತಿತ್ತು. ನನಗೆ ಅದನ್ನು ಕಂಡರೆ ಹೆದರಿಕೆ. ಚಾಚಾಗೆ ಅದೇ ಧೈರ್ಯ. "ಅತ್ಲಾಗೆ ಎಲ್ಲೋ ಬದ್ಕವ್ನೆ. ಇದು ಬಾಗ್ಲ ಕಡೆ ತಿರುಗಿದ ದಿನ ಮನೆಗೆ ಬತ್ತಾನೆ" ಎನ್ನುತ್ತಿದ್ದರು.

ಡಿಗ್ರಿ ಓದುತ್ತಿದ್ದೆ, ಬುದ್ಧಿ ಮಾತ್ರ ಬೆಳೆದಿರಲಿಲ್ಲ. ಒಂದು ದಿನ ಚಾಚಾ ಸಂತೆಗೆ ಹೋದಾಗ ಗಾಲಿಗೆ ಅರಗಿನ ಚೂರು ಸಿಕ್ಕಿಸಿ, ಹಡಗನ್ನು ಬಾಗಿಲ ಕಡೆ ಮುಖಮಾಡಿ ನಿಲ್ಲಿಸಿದೆ. ಅವರನ್ನು ಒಂದಿಷ್ಟು ಆಡಿಸಿ ನಗಬೇಕೆಂದಿದ್ದೆ.

ಚಾಚಾ ಬಂದರು, ನೋಡಿದರು, ಬೀದಿಗೆ ಓಡಿದರು. ಯಾರೂ ಇರಲಿಲ್ಲ. ಒಳಗೆ ಬಂದು ಎರಡು ತಟ್ಟೆ ಹಾಕಿ ಸಂಜೆಯವರೆಗೆ ಕಾದರು. ನಾನು ನಿಜ ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಆ ಖಾಲಿ ತಟ್ಟೆಯನ್ನು ನೋಡುತ್ತ, "ಬಂದವ್ನೆ... ಕಣ್ಣಿಗೆ ಕಾಣ್ತಿಲ್ಲ ಅಂದ್ರೆ ಜೀವ ಹೋಗೈತೆ" ಎಂದರು. ತಟ್ಟೆಗೆ ಒಂದು ತುತ್ತು ಬಡಿಸಿ "ತಿನ್ಲಾ" ಎಂದರು. ನಾನು ನಿಜ ನುಂಗಿಕೊಂಡು ಮನೆಗೆ ಓಡಿದೆ. ಮಾರನೆಯ ದಿನ ಮಸೀದಿಯಲ್ಲಿ ತಮ್ಮನಿಗೆ ಸತ್ತವರ ನಮಾಜು ಮಾಡಿಸಿದರು.

ತಿಂಗಳು ಕಳೆದ ಮೇಲೆ ಅಂಚೆಯವನು ಒಂದು ಕಾಗದ ತಂದ. ಕೈಬರಹ ತಮ್ಮನದು. ಚಾಚಾ ಹಿಂದೆ ಸರಿದರು. "ಸತ್ತೋರ ಕಾಗ್ದ ಒಡೀಬಾರ್ದು. ವಾಪಸ್ ಕಳ್ಸ್ಬುಡಪ್ಪ." ನಾನು ಜಗಲಿಯಲ್ಲೇ ಇದ್ದೆ. ಯಾವ ಊರಿನದೆಂದು ಓದುವ ಧೈರ್ಯವೂ ಬರಲಿಲ್ಲ. ಹೇಡಿ ನಾನು. ಮುಂದಿನ ಮಳೆಗಾಲಕ್ಕೆ ಚಾಚಾ ತೀರಿಕೊಂಡರು...

ಕೊಚ್ಚಿಯ ಓಣಿಯಲ್ಲಿ ವಾಸನೆಯ ಹಿಂದೆ ನಡೆದೆ. ಪುಟ್ಟ ಅಂಗಡಿಯಲ್ಲಿ ಮುದುಕರೊಬ್ಬರು ತೊಟ್ಟಿಲ ಕಾಲಿಗೆ ಅರಗು ಹಚ್ಚುತ್ತಿದ್ದರು. "ನಮ್ಮೂರ ಅರಗು ಇಲ್ಲೆಲ್ಲಿಂದ ಬಂತು" ಎಂದು ನಾನು ಗೊಣಗಿದ್ದು ಕೇಳಿ ತಲೆ ಎತ್ತಿದರು. ಚಾಚಾರ ಕಣ್ಣು, ಚಾಚಾರ ಹುಬ್ಬು. ಊರು, ಬೀದಿ ಕೇಳಿದರು, ಹೇಳಿದೆ. ಅಣ್ಣ ತೀರಿಕೊಂಡದ್ದನ್ನೂ ಹೇಳಿದೆ. ಕೈಯಲ್ಲಿದ್ದ ಅರಗನ್ನು ಕೆಳಗಿಟ್ಟರು.

"ಮನೆಗೆ ಬತ್ತೀನಿ ಅಂತ ಕಾಗ್ದ ಬರ್ದಿದ್ದೆ. ಒಡೀದೆ ವಾಪಸ್ ಕಳ್ಸಿದ್ರು. ಅಣ್ಣಂಗೆ ನಾನು ಬ್ಯಾಡ ಅಂದ್ಕಂಡು ಇಲ್ಲೇ ಉಳ್ಕಂಡೆ."

"ಬೇಡ ಅಂತಲ್ಲ. ನೀವು ಸತ್ತೋದ್ರಿ ಅಂತ ನಂಬಿದ್ರು."

"ಯಾರ್ ಹಂಗೇಳಿದ್ದು?"

ನಮ್ಮ ಹಡಗು ಹೊರಡಲು ಇನ್ನೂ ಒಂದು ಗಂಟೆಯಿತ್ತು. ಅವರೆದುರು ನೆಲದ ಮೇಲೆ ಕೂತು, "ನಾನು" ಎಂದೆ.