ನರದ ಡಾಕ್ಟರು

ನಮ್ಮ ಮಾವನವರ ಅಕ್ಷರ ಚಿಕ್ಕದಾಗುತ್ತಿದೆ ಎಂದು ನನಗೆ ಗೊತ್ತಾಗಿದ್ದು ಹುರುಳಿಯಿಂದ. ಅವರು ಬರೆದುಕೊಟ್ಟ ಚೀಟಿ ಹಿಡಿದು ಜಾಲಹಳ್ಳಿ ಕ್ರಾಸಿಗೆ ಹೋದವಳು ಒಂದು ಕೆಜಿ ಹುರುಳಿ ತಂದೆ. ಚೀಟಿಯಲ್ಲಿದ್ದದ್ದು ಹುರುಳಿಕಾಯಿ. ‘ಕಾಯಿ’ ಮಾತ್ರ ಸಾಸಿವೆಯಷ್ಟಾಗಿ ಕಾಗದದ ಅಂಚಿನಲ್ಲಿ ಕೂತಿತ್ತು. ಬೀನ್ಸ್ ಪಲ್ಯ ಆಗಬೇಕಿದ್ದ ದಿನ ಮನೆಯಲ್ಲಿ ಹುರುಳಿ ಸಾರಾಯಿತು.

“ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಮ್ಮ” ಎಂದರು ಮಾವ. ನಾನೂ ಪೆದ್ದಿಯ ಹಾಗೆ ಹೋಗಿ ಮಾಡಿಸಿಕೊಂಡೆ. ಕಣ್ಣು ಚೆನ್ನಾಗಿಯೇ ಇತ್ತು.

ಮಾವ ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸಹಿಸದ ಕೈ. ಅಕ್ಷರವೂ ಹಾಗೆಯೇ. ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆಯಾದರೂ ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯುವವರು ಅವರೇ. ಆ ಮರ್ಯಾದೆಯನ್ನು ಅವರು ಪೆನ್ಷನ್ನಿಗಿಂತ ಹೆಚ್ಚಾಗಿ ಕಾಪಾಡಿಕೊಂಡು ಬಂದಿದ್ದರು. ಆ ವರ್ಷ ಎದುರುಮನೆಯವರು ಮಗಳ ಮದುವೆಯ ಪತ್ರಿಕೆಗಳನ್ನು ತಂದಿಟ್ಟರೆ, ಪೆನ್ನು ಸರಿಯಿಲ್ಲ ಎಂದು ವಾಪಸು ಕಳಿಸಿದರು. ಅವರು ಪಾಪ, ನಾಲ್ಕು ಹೊಸ ಪೆನ್ನು ತಂದರು. ಕಾಗದ ಜಾರುತ್ತದೆ ಎಂದರು ಮಾವ. ಆಗಲೇ ನಾನು ಅವರ ಬಲಗೈ ನೋಡಿದ್ದು. ತೊಡೆಯ ಮೇಲಿಟ್ಟ ಕೈಯಲ್ಲಿ ಹೆಬ್ಬೆರಳು ತನ್ನಷ್ಟಕ್ಕೆ ತಾನು ಏನೋ ಕಾಳು ಉಜ್ಜುತ್ತಿರುವಂತೆ ಆಡುತ್ತಿತ್ತು.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಒಂದು ನಿಮಿಷ ನೋಡಿ, “ನರದ ಡಾಕ್ಟ್ರಿಗೆ ತೋರಿಸ್ಬಿಡಿ” ಎಂದು ಚೀಟಿ ಬರೆದರು. ಮಾವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸಿದರು. ಮನೆಗೆ ಬಂದ ಮೇಲೆ, “ನಾನು ಅಲ್ಲಿಗೆಲ್ಲ ಬರಲ್ಲ” ಎಂದರು. ಯಾಕೆ ಎಂದು ಕೇಳಿದರೆ ಪೇಪರು ಬಿಡಿಸಿಕೊಂಡು ಕೂತರು. ನನ್ನ ಗಂಡನನ್ನು ಕೇಳಿದೆ. ಅವರು ಫ್ಯಾನು ನೋಡುತ್ತಾ, “ಬಿಡು, ಬಲವಂತ ಮಾಡ್ಬೇಡ” ಎಂದರು. ಅಪ್ಪ ಮಗ ಇಬ್ಬರಿಗೂ ಗೊತ್ತಿರುವ ಏನೋ ಒಂದು ನನಗೆ ಮಾತ್ರ ಗೊತ್ತಿಲ್ಲ ಎಂದು ಸಿಟ್ಟು ಬಂತು.

ಗೊತ್ತಾಗಿದ್ದು ಯಶವಂತಪುರದಲ್ಲಿ, ಸಿಗ್ನಲ್ಲಿಗೆ ಬಸ್ಸು ನಿಂತಾಗ. ಕಿಟಕಿಯಾಚೆ ಉದ್ದನೆಯ ಕಾಂಪೌಂಡು. ಅದರ ತುಂಬ ಹಳದಿ ಪೋಸ್ಟರು: ‘ನರದೌರ್ಬಲ್ಯವೇ? ಗುಪ್ತ ಸಮಸ್ಯೆಯೇ? ದಾಂಪತ್ಯದಲ್ಲಿ ನಿರಾಸೆಯೇ? ಪ್ರತಿ ಶನಿವಾರ ಲಾಡ್ಜಿನಲ್ಲಿ ಭೇಟಿ.’ ನನಗೆ ಬಸ್ಸಿನಲ್ಲೇ ನಗು ಒತ್ತರಿಸಿ ಬಂತು. ಪಕ್ಕದ ಹೆಂಗಸು ನನ್ನನ್ನೂ ನೋಡಿ, ಗೋಡೆಯನ್ನೂ ನೋಡಿ, ಸ್ವಲ್ಪ ಸರಿದು ಕೂತಳು.

ಸೊಸೆ ಮಾವನಿಗೆ ಇದನ್ನು ಬಿಡಿಸಿ ಹೇಳುವುದಾದರೂ ಹೇಗೆ? ‘ನರ’ ಎನ್ನುವುದನ್ನೇ ಬಿಟ್ಟು ಮೆದುಳಿನ ಡಾಕ್ಟರು ಎಂದೆ. “ನಂಗೇನ್ ತಲೆ ಕೆಟ್ಟಿದ್ಯಾ?” ಎಂದು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಕೈ ಡಾಕ್ಟರು ಎಂದೆ. ಕೈ ಎಂದರೆ ಮಾನ ಹೋಗುವಂಥದ್ದೇನೂ ಇಲ್ಲವಲ್ಲ, ಒಪ್ಪಿದರು. ಹಾಗಿದ್ದೂ ಏಪ್ರಿಲ್ ಬಿಸಿಲಲ್ಲಿ ಮಂಕಿ ಕ್ಯಾಪು, ಮಾಸ್ಕು ಎರಡನ್ನೂ ಹಾಕಿಕೊಂಡೇ ಹೊರಟರು.

ಹೆಬ್ಬಾಳದ ಆ ಆಸ್ಪತ್ರೆಯಲ್ಲಿ ಕೂರಲು ಜಾಗವಿರಲಿಲ್ಲ. ಮಾವ ಗೋಡೆಗೆ ಮುಖ ಮಾಡಿ ನಿಂತರು. ಅಷ್ಟರಲ್ಲಿ ಹಿಂದಿನಿಂದ ಯಾರೋ ಅವರನ್ನು ಗುರುತು ಹಿಡಿದರು. ಟೂಲ್ ರೂಮಿನ ಹಳೆಯ ಗೆಳೆಯರೊಬ್ಬರು. ಅವರೂ ಮಾಸ್ಕು ಹಾಕಿಕೊಂಡಿದ್ದರು.

“ಏನೋ ಗುರು, ಇಲ್ಲಿ?”

“ನಮ್ ಸೊಸೆಗೆ ತೋರಿಸ್ಬೇಕಿತ್ತು” ಎಂದರು ಮಾವ, ಒಂದು ಕ್ಷಣವೂ ತಡವರಿಸದೆ. ಗೆಳೆಯರು ನನ್ನನ್ನು ಮರುಕದಿಂದ ನೋಡಿದರು. “ನಾನೂ ಮಿಸೆಸ್‌ನ ಕರ್ಕೊಂಡ್ ಬಂದೆ” ಎಂದರು. ಅವರ ಮಿಸೆಸ್ ಸುತ್ತಮುತ್ತ ಎಲ್ಲೂ ಕಾಣಲಿಲ್ಲ.

ಗೋಡೆಯ ಮೇಲೊಂದು ದೊಡ್ಡ ಚಿತ್ರಪಟವಿತ್ತು. ಪ್ರಪಂಚದಾದ್ಯಂತ ಕೋಟ್ಯಂತರ ಜನ ನರಸಂಬಂಧಿ ಕಾಯಿಲೆಗಳಿಂದ ಬಳಲುತ್ತಿದ್ದಾರೆ ಎಂದು ಬರೆದು, ಕೆಳಗೆ ಭೂಪಟ ಹಾಕಿದ್ದರು. ಒಂದು ದೇಶವನ್ನೂ ಬಿಟ್ಟಿರಲಿಲ್ಲ. ಮಾವ ಅದನ್ನು ಎರಡು ಸಲ ಓದಿ, ಗೆಳೆಯರ ಕಿವಿಯ ಹತ್ತಿರ ಬಾಗಿದರು. “ಇಷ್ಟೊಂದ್ ಜನಕ್ಕಾ? ಹಂಗಾದ್ರೆ ಈ ಜನಸಂಖ್ಯೆ ಎಲ್ಲಿಂದ ಬಂತೋ?”

“ಅದೇ ನೋಡು, ಗೊತ್ತಾಗ್ತಿಲ್ಲ” ಎಂದರು ಗೆಳೆಯರು, ಗಂಭೀರವಾಗಿ.

ಒಳಗಿದ್ದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಮಾವ ಮಂಕಿ ಕ್ಯಾಪನ್ನು ಇನ್ನಷ್ಟು ಕೆಳಗೆಳೆದುಕೊಂಡರು. ಡಾಕ್ಟರು ಬೆರಳು ಆಡಿಸಿ ಎಂದರು, ಎದ್ದು ನಡೆದು ತೋರಿಸಿ ಎಂದರು. ಆಮೇಲೆ ಒಂದು ಹಾಳೆ ಮುಂದಿಟ್ಟು, “ನಿಮಗೆ ಇಷ್ಟ ಬಂದಿದ್ದು ಒಂದು ಸಾಲು ಬರೀರಿ ಸರ್” ಎಂದರು.

ಮಾವ ಬಹಳ ಹೊತ್ತು ಯೋಚಿಸಿ ಬರೆದರು. ನಾನು ಬಗ್ಗಿ ನೋಡಿದೆ. ‘ನನಗೆ ಮೂರು ಜನ ಮಕ್ಕಳು, ಎಲ್ಲರೂ ಆರೋಗ್ಯವಾಗಿದ್ದಾರೆ.’ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ‘ನನಗೆ’ ಮುತ್ತು ಪೋಣಿಸಿದ ಹಾಗಿತ್ತು. ‘ಆರೋಗ್ಯ’ದ ಹೊತ್ತಿಗೆ ಅಕ್ಷರ ಇರುವೆಯಷ್ಟಾಗಿತ್ತು. ‘ಇದ್ದಾರೆ’ ಇತ್ತೋ ಇಲ್ಲವೋ, ಹುಡುಕಬೇಕಾಯಿತು.

“ಹೀಗಾಗೋದು ಎಷ್ಟು ದಿನದಿಂದ ಸರ್?”

ಒಂದು ವರ್ಷ ಎಂದು ನಾನು ಹೇಳುವಷ್ಟರಲ್ಲಿ ಮಾವ, “ನಾಕ್ ವರ್ಷ” ಎಂದರು. ನನಗೆ ದಿಗಿಲಾಯಿತು. ಅತ್ತೆ ತೀರಿಕೊಂಡು ಆಗ ಎರಡೇ ವರ್ಷವಾಗಿತ್ತು. “ನಮ್ಮನೆಯೋಳಿಗೆ ಗೊತ್ತಿತ್ತು. ಡಾಕ್ಟ್ರ ಹತ್ರ ಹೋಗೋಣ ಅಂತ ದಿನಾ ಗೋಳು ಹುಯ್ಕೊತಿದ್ಲು. ಯಾರಿಗೂ ಹೇಳ್ಬೇಡ ಅಂತ ಅವಳ ಹತ್ರ ಆಣೆ ಹಾಕಿಸ್ಕೊಂಡಿದ್ದೆ. ನರ ಅಂದ್ರೆ ಜನ ಏನಂದ್ಕೊತಾರೆ, ಅದಕ್ಕೇ.”

ಡಾಕ್ಟರು ನಗಲಿಲ್ಲ. ಇದಕ್ಕೂ ಬೀದಿ ಗೋಡೆಗಳ ಮೇಲಿನ ಹಳದಿ ಪೋಸ್ಟರಿಗೂ ಸಂಬಂಧವೇ ಇಲ್ಲ, ಇದು ಕಂಪವಾತ, ಮೆದುಳಿನಿಂದ ಕೈಗೆ ಹೋಗುವ ಅಪ್ಪಣೆ ಸರಿಯಾಗಿ ಮುಟ್ಟುತ್ತಿಲ್ಲ ಎಂದು ನಿಧಾನವಾಗಿ ವಿವರಿಸಿದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಮಾತ್ರೆಯಿಂದ ಕೈ ಹಿಡಿತಕ್ಕೆ ಬರುತ್ತದೆ ಎಂದರು. “ಮೊದಲೇ ಬಂದಿದ್ರೆ ಇಷ್ಟು ವರ್ಷ ಆರಾಮಾಗಿ ಬರ್ಕೊಂಡಿರ್ತಿದ್ರಿ.”

“ಅಂದ್ರೆ ಒಂದು ಪದಕ್ಕೋಸ್ಕರ ನಾಕ್ ವರ್ಷ ಸುಮ್ನೆ ಕೂತಿದ್ನಾ ನಾನು?” ಎಂದರು ಮಾವ. ಅತ್ತೆ ಆ ಆಣೆಯನ್ನು ಸಾಯುವ ತನಕ ಉಳಿಸಿಕೊಂಡಿದ್ದರಲ್ಲ ಎಂದು ನನಗೆ ಸಂಕಟವಾಯಿತು. ಆ ಹಳದಿ ಪೋಸ್ಟರು ಅಂಟಿಸಿದವನು ಆಗ ಕೈಗೆ ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಹೊರಗೆ ಗೆಳೆಯರಿಗೆ ಅಷ್ಟರಲ್ಲಿ ಕೂರಲು ಜಾಗ ಸಿಕ್ಕಿತ್ತು. ಮಾವ ಮಂಕಿ ಕ್ಯಾಪು, ಮಾಸ್ಕು ಎರಡನ್ನೂ ತೆಗೆದು ನನ್ನ ಕೈಗೆ ಕೊಟ್ಟು, ಅವರ ಪಕ್ಕ ಹೋಗಿ ಕೂತರು.

“ಸೊಸೆಗಲ್ಲ ಕಣೋ, ನನಗೇ. ನರದ್ದು” ಎಂದರು, ಇಡೀ ಹಾಲಿಗೆ ಕೇಳುವಂತೆ. “ಆ ನರ ಅಲ್ಲ. ಕೈದು. ಮಾತ್ರೆ ಇದೆಯಂತೆ.”

ಗೆಳೆಯರು ಪ್ಯಾಂಟಿನ ಜೇಬಿನಿಂದ ಬಲಗೈ ತೆಗೆದು ಮಾವನವರ ಮೊಣಕಾಲಿನ ಮೇಲಿಟ್ಟರು. ಅದು ಮಾವನವರ ಕೈಗಿಂತ ಜೋರಾಗಿ ನಡುಗುತ್ತಿತ್ತು.