ದೇವರ ಪಕ್ಕದ ಬ್ಯಾಜು

ಹೊಸಪೇಟೆಯ ಬಸ್ ನಿಲ್ದಾಣದ ಎದುರು ಹಳೇ ಪೇಪರಿನಲ್ಲಿ ಮಿರ್ಚಿ ಕಟ್ಟಿಸಿಕೊಂಡರೆ ಜಗತ್ತಿನ ಸುದ್ದಿಯೂ ಪುಕ್ಕಟೆ ಸಿಗುತ್ತದೆ. ಇವತ್ತು ಸಿಕ್ಕಿದ್ದು ಎಣ್ಣೆಯಲ್ಲಿ ನೆಂದ ಗಗನಯಾತ್ರಿ. ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಬ್ಯಾಜು. ಅವನ ಮೈಗೆ ಎಷ್ಟು ವಿಕಿರಣ ತಾಗಿತೆಂದು ಅದು ಅಳೆಯುತ್ತದಂತೆ. ಸಾಲದ್ದಕ್ಕೆ ಅವನು ಮಲಗುವ ಗೂಡಿನಲ್ಲೂ ಒಂದು ಅಳತೆಯ ಯಂತ್ರವಂತೆ. ಕೆಲಸದ ಜಾಗದಲ್ಲೂ ಮಲಗುವ ಜಾಗದಲ್ಲೂ ಅಳೆಸಿಕೊಳ್ಳುವ ಭಾಗ್ಯ. ನಮ್ಮ ಬಸಣ್ಣನಿಗೆ ಮಲಗುವ ಜಾಗದ್ದು ಮಾತ್ರ ದಕ್ಕಿತು.

ಬಸಣ್ಣ ಬಂಡ್ರಿಯವನು. ಸಂಡೂರಿನ ದಾರಿಯ ಕಾರ್ಖಾನೆಯೊಂದರಲ್ಲಿ ಕೊಳವೆಗಳ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಎಕ್ಸ್-ರೇ ಹಿಡಿಯುವ ಕೆಲಸ. ಆಸ್ಪತ್ರೆಯದಕ್ಕಿಂತ ಜೋರಿನ ಕಿರಣ ಅದು. ಉಕ್ಕನ್ನೇ ತೂರಿ ಹೋಗಬೇಕಲ್ಲ. ಹಾಗಾಗಿ ಅವನೂ ಗಗನಯಾತ್ರಿಯಂತೆ ಎದೆಗೆ ಬ್ಯಾಜು ಸಿಕ್ಕಿಸಿಕೊಳ್ಳಬೇಕು, ಮೂರು ತಿಂಗಳಿಗೊಮ್ಮೆ ಅದನ್ನು ಅಳತೆಗೆ ಕಳಿಸಬೇಕು, ಬಂದ ಅಂಕಿಯನ್ನು ದಪ್ಪ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕದ ಸಾರ್ವಭೌಮ ನಾನು, ಗುಮಾಸ್ತ.

ನಮ್ಮ ಕಡೆಯ ಅದಿರಿನ ಕೆಂಪು ಧೂಳು ನಿಮಗೆ ಗೊತ್ತಲ್ಲ. ಮರ, ಲಾರಿ, ಎಮ್ಮೆ ಎಂದು ಭೇದ ಮಾಡುವುದಿಲ್ಲ. ಬ್ಯಾಜುಗಳೂ ಕೆಂಪಾಗಿಯೇ ಬರುತ್ತಿದ್ದವು. ಒಮ್ಮೆ ಅಳತೆಯವರು ಈ ಕೊಳಕಿನ ಬಗ್ಗೆ ನನಗೊಂದು ಖಾರದ ಕಾಗದ ಬರೆದರು. ನನ್ನ ಕುರ್ಚಿಯ ಘನತೆಗೆ ಪೆಟ್ಟಾಯಿತು. ಮೇಜು ಕುಟ್ಟಿ ಆಜ್ಞೆ ಹೊರಡಿಸಿದೆ: "ಇನ್ ಮ್ಯಾಲೆ ಕೆಂಪ್ ಬ್ಯಾಜ್ ತಂದ್ರ ನಾ ಮುಟ್ಟಂಗಿಲ್ಲ."

ಮುಂದಿನ ಸಲ ಬಸಣ್ಣನ ಬ್ಯಾಜು ಆಗತಾನೆ ಪೆಟ್ಟಿಗೆಯಿಂದ ತೆಗೆದಂತಿತ್ತು. ಧೂಳಿಲ್ಲ, ಮೂಲೆಯಲ್ಲಿ ಒಂಚೂರು ಕುಂಕುಮ.

"ಎಲ್ಲಿ ಇಡ್ತಿಯಪಾ ಇದನ್ನ?"

"ಮನ್ಯಾಗ್ರಿ, ದೇವ್ರ ಜಗಲಿ ಮ್ಯಾಲೆ. ಕೆಲ್ಸಕ್ಕ ತಂದ್ರ ಹೊಲಸಾಗ್ತೈತಿ, ನೀವು ಬೈತೀರಿ."

ನಕ್ಕೆ. ನಕ್ಕು ಸುಮ್ಮನಾಗಲಿಲ್ಲ, ಉಳಿದವರನ್ನು ಕರೆದು, "ಬಸಣ್ಣನ್ನ ನೋಡಿ ಕಲೀರ್ಲೇ" ಎಂದೆ. ಕಲಿತರು. ಬ್ಯಾಜು ಯಾಕೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಪುಸ್ತಕ ಬಹಳ ಚೊಕ್ಕಟವಾಗಿತ್ತು.

ನಾಲ್ಕು ವರ್ಷ ಬಸಣ್ಣನ ಹೆಸರಿನ ಮುಂದೆ ಸೊನ್ನೆ ಬರೆದೆ. ಗುಂಡಗಿನ, ಚೆಂದದ ಸೊನ್ನೆ. ಐದನೆಯ ವರ್ಷ ಅವನ ಬೆರಳ ತುದಿಗಳು ಒಡೆದು ಹುಣ್ಣಾದವು, ಆಮೇಲೆ ರಕ್ತವೇ ಕೆಟ್ಟಿತು. ಕೆಲಸದಿಂದ ಬಂದ ರೋಗವೇ ಎಂದು ವಿಚಾರಣೆ ನಡೆಯಿತು. ಪುಸ್ತಕ ತರಿಸಿದರು, ಸೊನ್ನೆಗಳನ್ನು ನೋಡಿದರು, ಅಲ್ಲ ಎಂದರು. ನಾನು ಅಲ್ಲೇ ನಿಂತಿದ್ದೆ. ಬ್ಯಾಜು ಎಲ್ಲಿತ್ತೆಂದು ಯಾರೂ ಕೇಳಲಿಲ್ಲ. ಕೇಳದ್ದಕ್ಕೆ ಉತ್ತರಿಸುವುದು ಗುಮಾಸ್ತನ ಧರ್ಮವಲ್ಲ. ನಿವೃತ್ತಿಗೆ ಒಂದೇ ವರ್ಷವಿತ್ತು.

ಹೊರಗೆ ಬಂದಾಗ ಬಸಣ್ಣನೇ ನನ್ನನ್ನು ಸಮಾಧಾನಪಡಿಸಿದ. "ನಾ ಬಾಯಿ ಬಿಟ್ರ ನಿಮಗ ತ್ರಾಸು ಅಂತ ಸುಮ್ನಿದ್ದೆರಿ. ಹೋಗ್ಲಿ ಬಿಡ್ರಿ, ಮನಿಗೆ ಏನೂ ತಾಗಿಲ್ಲಂತ ಗ್ಯಾರಂಟಿ ಆತಲ್ಲ."

ಅವನು ತೀರಿಹೋದ ಮೇಲೆ ಹೆಂಡತಿ ಗಂಗಮ್ಮ ಎರಡು ಸಲ ನನ್ನ ಮನೆಗೆ ಬಂದಳು. "ದುಡಿದು ಬಂದ ಬ್ಯಾನಿ ಅಂತ ಒಂದ್ ಮಾತು ಬರ್ಕೊಡ್ರಿ ಯಪ್ಪಾ. ಕುಡ್ದು ಸತ್ತ ಅಂತಾರ ಊರಾಗ." ಬಸಣ್ಣ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ. "ನೋಡೋಣಮ್ಮ" ಎಂದೆ. ನಿವೃತ್ತನಾದರೂ ಆ ಮಾತೊಂದು ನನ್ನಲ್ಲಿ ಸೇವೆಯಲ್ಲೇ ಇತ್ತು.

ಇವತ್ತು ಕೈಯಲ್ಲಿದ್ದ ಮಿರ್ಚಿ ಆರಿಹೋಯಿತು. ಎಣ್ಣೆ ಕಾಗದದ ಮೇಲೆ ಪೆನ್ನು ಓಡಲಿಲ್ಲ. ಪಕ್ಕದ ಅಂಗಡಿಯಲ್ಲಿ ಒಂದು ಬಿಳಿ ಹಾಳೆ ಕೇಳಿ ಬರೆದೆ: 'ಬ್ಯಾಜು ಬಸಣ್ಣನ ಮನೆಯಲ್ಲಿತ್ತು. ಹಾಗೆ ಮಾಡಿಸಿದ್ದು ನಾನು.' ಸಹಿ ಹಾಕಿ ಬಂಡ್ರಿಯ ಬಸ್ಸು ಹತ್ತಿದೆ. ಸಂಡೂರು ದಾಟುವಷ್ಟರಲ್ಲಿ ಕಿಟಕಿಯ ಧೂಳಿಗೆ ಹಾಳೆ ಕೆಂಪಾಗಿತ್ತು. ಒರೆಸಲಿಲ್ಲ.